ಖುಲಾಸೆಯ ತೀರ್ಪು ಗಾಯಾಳುವಿನ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಹಲ್ಲೆ ಪ್ರಕರಣದಲ್ಲಿ ಆರೋಪಿಗಳು ಖುಲಾಸೆಯಾದರೆ ಪೆಟ್ಟು ತಿಂದವರು ತಾವೇ ಮೇಲ್ಮನವಿ ಹೂಡಬಹುದು ಎಂಬುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಹಳ ಮಂದಿಗೆ ಗೊತ್ತಿಲ್ಲ. ಕೋರ್ಟು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಡತಗಳ ನಡುವೆ ಕಳೆದ ನನಗೆ ಕಾನೂನು ಗೊತ್ತಿತ್ತು. ಆ ಹಕ್ಕು ಎಲ್ಲಿ ಕೈತಪ್ಪುತ್ತದೆ ಎಂಬುದು ಮಾತ್ರ ಅರ್ಥವಾದದ್ದು ನಿವೃತ್ತಿಯ ನಂತರ, ಪಕ್ಕದ ಹೊಲದವರ ಪ್ರಕರಣದಲ್ಲಿ.

ಬದುವಿನ ಜಗಳದಲ್ಲಿ ಗುದ್ದಲಿ ಕಾವಿನ ಏಟಿಗೆ ಅವರ ಬಲಗೈ ಮೂಳೆ ಮುರಿದಿತ್ತು. ಆ ಕೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಅಂಗಿಯ ಗುಂಡಿಯನ್ನು ಎಡಗೈಯಲ್ಲೇ ಹಾಕಿಕೊಳ್ಳುತ್ತಾರೆ. ಒಮ್ಮೆ ಹೋಗಿ ಸಾಕ್ಷಿ ನುಡಿದು ಬಂದ ಮೇಲೆ ಅವರಿಗೆ ಯಾವ ಸುದ್ದಿಯೂ ಬರಲಿಲ್ಲ. ಖುಲಾಸೆಯಾದ ಸಂಗತಿ ತಿಳಿದದ್ದು ಏಳು ತಿಂಗಳ ಬಳಿಕ, ವಾರದ ಸಂತೆಯಲ್ಲಿ, ಅದೂ ಎದುರು ಪಕ್ಷದವರ ಬಾಯಿಂದ. ನಕಲಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಮೂರು ಸಲ ಅಲೆದು ತೀರ್ಪು ತಂದು ಓದಿದೆವು. ಇಬ್ಬರು ಪ್ರತ್ಯಕ್ಷದರ್ಶಿಗಳು ಪ್ರತಿಕೂಲವಾಗಿದ್ದರು, ಅಂದರೆ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದಿದ್ದರು; ಪಂಚರು, ಅಂದರೆ ಸ್ಥಳ ಮಹಜರಿಗೆ ಸಾಕ್ಷಿಯಾದವರು, ಠಾಣೆಯಲ್ಲೇ ಸಹಿ ಹಾಕಿದೆವೆಂದು ಹೇಳಿಬಿಟ್ಟಿದ್ದರು. ಇದು ನಾನು ಕಾಣದ್ದೇನಲ್ಲ. ಆದರೆ ಗಾಯಗೊಂಡವರ ಸಾಕ್ಷ್ಯಕ್ಕೆ ವೈದ್ಯರ ಹೇಳಿಕೆ ಸರಿಹೊಂದುತ್ತಿದ್ದರೂ ಅದನ್ನು ಏಕೆ ನಂಬಲಿಲ್ಲ ಎಂಬುದಕ್ಕೆ ತೀರ್ಪಿನಲ್ಲಿ ಒಂದು ಸಾಲೂ ಇರಲಿಲ್ಲ.

ಹಿಂದೆ ಸಂತ್ರಸ್ತರಿಗೆ ಉಳಿದಿದ್ದ ದಾರಿ ಪುನರ್‌ಪರಿಶೀಲನಾ ಅರ್ಜಿ ಮಾತ್ರ, ಅದರಲ್ಲಿ ಖುಲಾಸೆಯನ್ನು ಶಿಕ್ಷೆಯಾಗಿ ಬದಲಿಸಲು ಅವಕಾಶವೇ ಇರಲಿಲ್ಲ. 2009ರ ಡಿಸೆಂಬರ್ 31ರಿಂದ ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಮಿಗೆ ಸೇರಿದ ಪರಂತುಕವು (ವಿನಾಯಿತಿ ಹೇಳುವ ಉಪವಾಕ್ಯ) ನೇರ ಮೇಲ್ಮನವಿಯ ಹಕ್ಕನ್ನು ಕೊಟ್ಟಿತು; ಈಗ ಅದೇ, ಹಳೆಯ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಮಿನಲ್ಲಿದೆ. ಸರ್ಕಾರ ಹೈಕೋರ್ಟಿಗೆ ಹೋಗುವಾಗ ಪಡೆಯಬೇಕಾದ ಅನುಮತಿ ಸಂತ್ರಸ್ತರಿಗೆ ಬೇಕಿಲ್ಲ ಎಂದು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಬಹುಮತದಿಂದ ತೀರ್ಪಿತ್ತದ್ದು ಕರ್ನಾಟಕದಿಂದಲೇ ಹೋದ ಹಲ್ಲೆ ಪ್ರಕರಣವೊಂದರಲ್ಲಿ. ಘಟನೆ 2009ರ ಫೆಬ್ರುವರಿಯದು, ಅಂದರೆ ತಿದ್ದುಪಡಿಗೆ ಮುಂಚಿನದು ಎಂಬ ಕಾರಣಕ್ಕೆ ಹೈಕೋರ್ಟ್ ಮೇಲ್ಮನವಿಯನ್ನು ತಿರಸ್ಕರಿಸಿತ್ತು. ನೋಡಬೇಕಾದದ್ದು ಘಟನೆಯ ದಿನವನ್ನಲ್ಲ, ಖುಲಾಸೆಯ ದಿನವನ್ನು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ ಪೆಟ್ಟು ತಿಂದವರು ತೀರಿಕೊಂಡಿದ್ದರು.

ಖುಲಾಸೆಯ ವಿರುದ್ಧದ ಮೇಲ್ಮನವಿ ಸುಲಭವಲ್ಲ, ಸುಲಭವಾಗಲೂಬಾರದು. ಎರಡು ಸಮಂಜಸ ತೀರ್ಮಾನಗಳಿಗೆ ಎಡೆಯಿದ್ದರೆ ಕೆಳ ನ್ಯಾಯಾಲಯದ ಖುಲಾಸೆಯನ್ನು ಕದಡಬಾರದೆಂಬ ಮಾತನ್ನು ಸುಪ್ರೀಂ ಕೋರ್ಟ್ 2007ರಲ್ಲಿ, ಅದೂ ಕರ್ನಾಟಕದ್ದೇ ಪ್ರಕರಣದಲ್ಲಿ, ಬಿಡಿಸಿ ಹೇಳಿದೆ. ಸಂಶಯದ ಲಾಭ ಆರೋಪಿಗೆ ಸಲ್ಲಬೇಕೆಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಮೇಲ್ಮನವಿಯಲ್ಲಿ ಗೆಲ್ಲಲು ತೀರ್ಪಿನ ತರ್ಕದಲ್ಲೇ ಬಿರುಕು ತೋರಿಸಬೇಕಾಗಿರುವಾಗ, ತೀರ್ಪನ್ನೇ ಕಾಣದವರು ಏನನ್ನು ತೋರಿಸಬೇಕು?

ಜೈಲು ಶಿಕ್ಷೆಗೆ ಗುರಿಯಾದವರಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕೆಂದು ಹೊಸ ಸಂಹಿತೆಯ 404ನೇ ಕಲಮು ಹೇಳುತ್ತದೆ. ಗಾಯಾಳು ಮಾತ್ರ ಅರ್ಜಿ ಹಾಕಿ ಹಣ ತೆರಬೇಕು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕೆಂದು ಪೊಲೀಸರನ್ನು ಕಟ್ಟಿಹಾಕಿದ ಹೊಸ ಸಂಹಿತೆ, ಪ್ರಕರಣ ಮುಗಿದ ಸುದ್ದಿಯನ್ನು ಯಾರು ಮುಟ್ಟಿಸಬೇಕೆಂಬುದನ್ನು ಅಷ್ಟು ಖಚಿತವಾಗಿ ಹೇಳಿಲ್ಲ. ತೀರ್ಪನ್ನು ಸಾಧ್ಯವಾದಷ್ಟು ಏಳು ದಿನಗಳಲ್ಲಿ ಜಾಲತಾಣಕ್ಕೆ ಏರಿಸಬೇಕೆಂಬ ನಿಯಮವೇನೋ ಇದೆ. ತೀರ್ಪು ಬಂದಿದೆ ಎಂಬುದೇ ತಿಳಿಯದವರು ಅದನ್ನು ಹುಡುಕುವುದಾದರೂ ಹೇಗೆ?

ಇದಕ್ಕೆ ಸಂಸತ್ತಿನ ತಿದ್ದುಪಡಿಗಾಗಿ ಕಾಯಬೇಕಿಲ್ಲ. ವಿಶೇಷ ಕಾರಣವಿದ್ದರೆ ಪ್ರತಿಯನ್ನು ಉಚಿತವಾಗಿ ಕೊಡಲು 404ನೇ ಕಲಮೇ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ದೂರಿನಲ್ಲಿ ಗಾಯಾಳುವಿನ ಮೊಬೈಲ್ ಸಂಖ್ಯೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಖುಲಾಸೆಯ ದಿನವೇ ಅದಕ್ಕೊಂದು ಸಂದೇಶ ಹೋಗಲಿ, ತೀರ್ಪಿನ ಕೊನೆಯಲ್ಲಿ ಮೇಲ್ಮನವಿಯ ಹಕ್ಕನ್ನೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವನ್ನೂ ತಿಳಿಸುವ ಎರಡು ಸಾಲು ಕನ್ನಡದಲ್ಲಿರಲಿ. ಹೈಕೋರ್ಟ್ ಒಂದು ಸುತ್ತೋಲೆ ಹೊರಡಿಸಿದರೆ ಇಷ್ಟು ಸಾಧ್ಯ.

ನೆರೆಯವರ ಮೇಲ್ಮನವಿ ಈಗ ಸೆಷನ್ಸ್ ನ್ಯಾಯಾಲಯದಲ್ಲಿದೆ, ಜೊತೆಗೆ ತಡವಾಗಿ ಹೂಡಿದ್ದನ್ನು ಮನ್ನಿಸಿ ಎಂದು ಕೋರುವ ವಿಳಂಬ ಮನ್ನಾ ಅರ್ಜಿಯೂ ಇದೆ. ಏಳು ತಿಂಗಳು ಏನು ಮಾಡುತ್ತಿದ್ದರು ಎಂಬುದೇ ಎದುರು ಪಕ್ಷದ ಮೊದಲ ಆಕ್ಷೇಪಣೆ.

– ನಿವೃತ್ತ ನ್ಯಾಯಾಲಯ ನೌಕರ, ಹಾವೇರಿ ಜಿಲ್ಲೆ