ಮಾಸಾಶನದ ಆದೇಶ ಕೈಸೇರಿದ ಈ ಹೊತ್ತಿನಲ್ಲಿ ನೆನೆಯಲೇಬೇಕಾದವರು

ಕಳೆದ ತಿಂಗಳು ನನ್ನ ಹೆಸರಿಗೆ ಅಂಗವಿಕಲ ಮಾಸಾಶನ ಮಂಜೂರಾದ ಆದೇಶಪತ್ರ ಕೈಸೇರಿತು. ಈ ವಾರ ಮೊದಲ ಕಂತು ಬ್ಯಾಂಕ್ ಖಾತೆಗೆ ಜಮೆಯಾಗಿದೆ. ವರ್ಷಗಟ್ಟಲೆ ಕೆಲಸಕ್ಕಾಗಿ ಅಲೆದು, ಎಲ್ಲಿಯೂ ನೆಲೆ ಸಿಗದೆ, ಕೊನೆಗೆ ಸರ್ಕಾರದ ನೆರವಿಗೆ ಅರ್ಜಿ ಹಾಕಿದ ನನ್ನನ್ನು ಇಲ್ಲಿಯವರೆಗೆ ಕೈಹಿಡಿದು ನಡೆಸಿದವರು ಅನೇಕರು. ಅವರಲ್ಲಿ ಹೆಚ್ಚಿನವರು ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರು, ತಮ್ಮ ಹೆಸರು ಬರೆಯುವುದು ಬೇಡವೆಂದು ಕೇಳಿಕೊಂಡವರು. ಆದ್ದರಿಂದ ಹೆಸರುಗಳನ್ನು ಬಿಟ್ಟು, ಅವರು ಮಾಡಿದ ಉಪಕಾರವನ್ನು ಮಾತ್ರ ಇಲ್ಲಿ ದಾಖಲಿಸುತ್ತಿದ್ದೇನೆ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಣ್ಣಿನ ಕಾಯಿಲೆ. ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಇದರಲ್ಲಿ ಮೊದಲು ನಶಿಸುವುದರಿಂದ ತೊಂದರೆ ಶುರುವಾಗುವುದು ಇರುಳುಗುರುಡಿನಿಂದ. ಆಮೇಲೆ ನೋಟದ ಅಂಚುಗಳು ಸುತ್ತಲಿಂದಲೂ ಒಳಕ್ಕೆ ಕುಗ್ಗುತ್ತ ಬಂದು, ಊದುಕೊಳವೆಯ ತೂತಿನಿಂದ ನೋಡಿದಾಗ ಕಾಣುವಷ್ಟು ಮಾತ್ರ ಉಳಿಯುತ್ತದೆ. ಸೋದರ ಸಂಬಂಧದಲ್ಲಿ ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು. ನನ್ನ ತಂದೆ ತಾಯಿಯೂ ಹತ್ತಿರದ ಸಂಬಂಧಿಕರೇ. ನಡುವಿನ ನೋಟ ಬಹುಕಾಲ ಚೆನ್ನಾಗಿಯೇ ಇರುವುದರಿಂದ ನಾನು ಪತ್ರಿಕೆಯ ಸಣ್ಣ ಅಕ್ಷರವನ್ನು ಓದಬಲ್ಲೆ, ಆದರೆ ಪಕ್ಕದಲ್ಲೇ ಕೈಚಾಚಿ ನಿಂತವರು ನನಗೆ ಕಾಣುವುದಿಲ್ಲ. ಓದಬಲ್ಲವಳು ಕುರುಡಿ ಹೇಗಾದಾಳು ಎಂಬ ಪ್ರಶ್ನೆ ಸಂದರ್ಶನದ ಕೊಠಡಿಯಲ್ಲೂ ಆಸ್ಪತ್ರೆಯಲ್ಲೂ ನನ್ನನ್ನು ಬೆನ್ನಟ್ಟಿಕೊಂಡೇ ಬಂತು.

ಬಿ.ಕಾಂ. ಮುಗಿಸಿ ತೆರಿಗೆ ಸಲಹೆಗಾರರೊಬ್ಬರ ಬಳಿ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನೋಟ ಕುಗ್ಗಿದಂತೆ ಪರದೆಯ ಮೇಲೆ ಕರ್ಸರ್ ಎಲ್ಲಿದೆಯೆಂದು ಹುಡುಕುವುದಕ್ಕೇ ಹೊತ್ತು ಹಿಡಿಯತೊಡಗಿತು, ಕೆಲಸ ಕೈತಪ್ಪಿತು. ಅಲ್ಲಿಂದ ಮುಂದಿನದು ಅರ್ಜಿ, ಸಂದರ್ಶನ, ಉತ್ತರವಿಲ್ಲದ ಕಾಯುವಿಕೆಗಳ ಕಾಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 34ನೇ ಪ್ರಕರಣ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟನ್ನು ನಮಗೆ ಮೀಸಲಿಟ್ಟಿದೆ, ಅದರಲ್ಲಿ ಶೇ. 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಖಾಸಗಿ ಕಂಪನಿಗಳಿಗೆ ಅಂಥ ಕಟ್ಟುಪಾಡಿಲ್ಲ. ನಾನು ಎರಡೂ ಕಡೆ ಪ್ರಯತ್ನಿಸಿದೆ.

ಈ ಅಲೆದಾಟದ ಕಾಲದಲ್ಲಿ ಇಬ್ಬರು ಮಾಡಿದ್ದನ್ನು ನಾನು ಮರೆಯಲಾರೆ. ಮೊದಲನೆಯವಳು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ನನ್ನ ಲಿಪಿಕಾರಳಾಗಿ, ಅಂದರೆ ನಾನು ಹೇಳಿದ ಉತ್ತರವನ್ನು ಬರೆಯುವವಳಾಗಿ, ಕುಳಿತ ಹುಡುಗಿ. ನಾವೇ ಕರೆತರುವ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂಬುದು 2018ರ ಮಾರ್ಗಸೂಚಿಯ ನಿಯಮವಾಗಿದ್ದರಿಂದ, ಪದವೀಧರೆಯಾದ ನನಗೆ ಪಿಯುಸಿ ಓದುವವರೇ ಬೇಕಿತ್ತು. ತನ್ನದೇ ವಾರ್ಷಿಕ ಪರೀಕ್ಷೆ ಹತ್ತಿರವಿದ್ದರೂ ಆಕೆ ಭಾನುವಾರಗಳನ್ನು ನನಗೆ ಕೊಟ್ಟಳು. ಗಂಟೆಗೆ ಇಪ್ಪತ್ತು ನಿಮಿಷದಂತೆ ಸಿಗುವ ಹೆಚ್ಚುವರಿ ಸಮಯವನ್ನು ಮೇಲ್ವಿಚಾರಕರು ಕೊಡಲು ಹಿಂಜರಿದಾಗ ಸುತ್ತೋಲೆಯ ಪ್ರತಿಯನ್ನು ತೆಗೆದು, ದನಿಯೇರಿಸದೆ, ಸಂಬಂಧಪಟ್ಟ ಸಾಲನ್ನು ಓದಿ ಹೇಳಿದವಳೂ ಅವಳೇ. ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಆದರೂ ನಾನು ಯೋಚಿಸಿದ ಉತ್ತರವೇ ಹಾಳೆಯ ಮೇಲಿದೆಯೆಂಬ ನಂಬಿಕೆಯಿಂದ ಪರೀಕ್ಷೆ ಬರೆಯಲು ಸಾಧ್ಯವಾದದ್ದು ಅವಳಿಂದ.

ಎರಡನೆಯವರು, ನಾನು ದತ್ತಾಂಶ ನಮೂದಿನ ಕೆಲಸಕ್ಕೆ ಪ್ರಾಯೋಗಿಕ ಪರೀಕ್ಷೆ ಕೊಡಲು ಹೋಗಿದ್ದ ಸಂಸ್ಥೆಯೊಂದರ ಹಿರಿಯ ಗುಮಾಸ್ತರು. ನಾನು ಬಳಸುವುದು ಎನ್‌ವಿಡಿಎ ಎಂಬ ಉಚಿತ ಪರದೆವಾಚಕ, ಅಂದರೆ ಪರದೆಯ ಮೇಲಿನ ಬರಹವನ್ನು ದನಿಯಾಗಿ ಓದಿ ಹೇಳುವ ತಂತ್ರಾಂಶ. ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿರುವ ಕನ್ನಡವನ್ನು ಅದು ಓದಿ ಹೇಳುತ್ತದೆ. ಅಲ್ಲಿ ಕೊಟ್ಟ ಕಡತವೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾಗಿತ್ತು. ಅಂಥ ಕಡತದಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಆದ್ದರಿಂದ ಪರದೆವಾಚಕ ಅರ್ಥವಿಲ್ಲದ ಸದ್ದುಗಳನ್ನು ಒಂದೇ ಸಮನೆ ಉಚ್ಚರಿಸತೊಡಗಿತು. ಕೊಠಡಿಯಲ್ಲಿದ್ದವರು ಇದನ್ನು ನನ್ನ ಅಸಾಮರ್ಥ್ಯವೆಂದು ಬರೆದುಕೊಳ್ಳುವಷ್ಟರಲ್ಲಿ, ಆ ಗುಮಾಸ್ತರು ಎದ್ದು ಬಂದು ಇಡೀ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿಕೊಟ್ಟು, ಈಗ ಸಮಯ ಎಣಿಸಿ ಎಂದರು. ಕೆಲಸ ಬೇರೆಯವರಿಗೆ ಹೋಯಿತು. ತೊಡಕು ಇದ್ದದ್ದು ಕಡತದಲ್ಲಿ, ನನ್ನಲ್ಲಲ್ಲ ಎಂಬುದನ್ನು ಎಲ್ಲರೆದುರು ತೋರಿಸಿಕೊಟ್ಟ ಅವರಿಗೆ ನನ್ನ ನಮಸ್ಕಾರಗಳು. ಸಾರ್ವಜನಿಕ ಕಡತಗಳೆಲ್ಲ ಯೂನಿಕೋಡಿನಲ್ಲಿಯೇ ಇರಬೇಕೆಂಬ ಬೇಡಿಕೆಯ ಹಿಂದೆ ನಮ್ಮಂಥವರ ಅನ್ನದ ಪ್ರಶ್ನೆಯೂ ಇದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಸಂದರ್ಶನಗಳಿಗೆ ಹೋಗುವ ಬಸ್ ಖರ್ಚು ಉಳಿಯಿತು. ಆದರೆ ಮನೆ ನಡೆಯುತ್ತಿದ್ದದ್ದು ಅಮ್ಮನ ಹೊಲಿಗೆಯ ದುಡಿಮೆ ಮತ್ತು ಅವರ ಗೃಹಲಕ್ಷ್ಮಿ ಹಣದಿಂದ. ಮಾಸಾಶನದ ಮಾತನ್ನು ಮೊದಲು ಎತ್ತಿದವರು ನಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಪೋಲಿಯೋದಿಂದ ಕಾಲಿನ ಸ್ವಾಧೀನ ಕಳೆದುಕೊಂಡವರು, ಸಣ್ಣ ಗೌರವಧನಕ್ಕೆ ದುಡಿಯುವವರು, ತಮ್ಮ ಮೂರುಚಕ್ರದ ಸ್ಕೂಟರಿನಲ್ಲಿ ಊರೂರು ಸುತ್ತಿ ಕಾಗದಪತ್ರ ಜೋಡಿಸಿಕೊಡುವವರು. ಮಾಸಾಶನ ತೆಗೆದುಕೊಂಡರೆ ಇನ್ನು ಮಗಳಿಗೆ ಕೆಲಸವೇ ಸಿಗದೆಂದು ಜನ ತೀರ್ಮಾನಿಸಿಬಿಡುತ್ತಾರೆ ಎಂಬ ಅಳುಕು ಅಮ್ಮನಿಗಿತ್ತು. ಅವರು ಅಮ್ಮನೆದುರು ಕುಳಿತು, "ಇದು ಯಾರೂ ಹಾಕುವ ಭಿಕ್ಷೆಯಲ್ಲ ತಾಯಿ, ಕಾನೂನಿನಲ್ಲಿ ಬರೆದಿರುವುದು. ಕೆಲಸ ಹುಡುಕಬೇಡ ಎಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ" ಎಂದರು. ಅಮ್ಮ ಮರುದಿನವೇ ಪಡಿತರ ಚೀಟಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಹುಡುಕಿ ತೆಗೆದಿಟ್ಟರು.

ಮಾಸಾಶನಕ್ಕೆ ಮೊದಲು ಯುಡಿಐಡಿ ಎಂಬ, ವಿಕಲಚೇತನರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿ ಬೇಕು, ಅದಕ್ಕೆ ವೈದ್ಯಕೀಯ ಮಂಡಳಿಯ ಪ್ರಮಾಣೀಕರಣ ಬೇಕು. ಮೊದಲ ಸಲ ಆಸ್ಪತ್ರೆಯೊಂದರಲ್ಲಿ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಓದಿಸಿ, ಕೆಳಗಿನ ಸಾಲುಗಳವರೆಗೂ ಓದಿದೆನೆಂದು ನನ್ನನ್ನು ವಾಪಸು ಕಳುಹಿಸಿದ್ದರು. ಕೇಂದ್ರದ ಮಾನದಂಡದಲ್ಲಿ ದೃಷ್ಟಿಯ ತೀಕ್ಷ್ಣತೆಯ ಜೊತೆಗೆ ದೃಷ್ಟಿಕ್ಷೇತ್ರದ, ಅಂದರೆ ಕಣ್ಣು ಕದಲಿಸದೆ ಕಾಣುವಷ್ಟು ಹರವಿನ, ಅಳತೆಯೂ ಇದೆ: ಒಳ್ಳೆಯ ಕಣ್ಣಿನ ಕ್ಷೇತ್ರ 40 ಡಿಗ್ರಿಗಿಂತ ಕಡಿಮೆಯಿದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಧತ್ವ. ಈ ಸಾಲನ್ನು ಪುಟ ತೆರೆದು ತೋರಿಸಿ, ನನ್ನನ್ನು ಬೇರೊಂದು ಕಣ್ಣಾಸ್ಪತ್ರೆಗೆ ಕಳುಹಿಸಿದವರು ಆ ಮೊದಲ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತರಬೇತಿಯಲ್ಲಿದ್ದ ಯುವ ವೈದ್ಯೆ.

ಅಲ್ಲಿ ನಡೆದ ಪೆರಿಮೆಟ್ರಿ ಎಂಬ ದೃಷ್ಟಿಕ್ಷೇತ್ರದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಅರ್ಜಿ ನಿಂತದ್ದೇ ಅದರ ಮೇಲೆ. ಒಂದು ಕಣ್ಣು ಮುಚ್ಚಿ, ಗಲ್ಲವನ್ನು ಆಸರೆಯ ಮೇಲಿಟ್ಟು, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಕ್ಕೆ ನೋಡುತ್ತ ಕೂರಬೇಕು. ನಡುವಿನ ಚುಕ್ಕಿಯಿಂದ ದೃಷ್ಟಿ ಕದಲಿಸದೆ, ಬೇರೆ ಬೇರೆ ಕಡೆ ಮಿನುಗುವ ಬೆಳಕು ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಯಂತ್ರದ ಸದ್ದು ಕೇಳುತ್ತಲೇ ಇರುತ್ತದೆ, ಬೆಳಕು ಮಾತ್ರ ಕಾಣುವುದಿಲ್ಲ. ಪರೀಕ್ಷೆ ನಡೆಸಿದ ತಂತ್ರಜ್ಞೆ ಅವಸರಿಸಲಿಲ್ಲ, ನಡುವೆ ಕಣ್ಣಿಗೆ ವಿರಾಮ ಕೊಟ್ಟರು. ಕೊನೆಗೆ ಅಚ್ಚಾಗಿ ಬಂದ ಹಾಳೆಯಲ್ಲಿ ಇಡೀ ವೃತ್ತ ಕಪ್ಪಾಗಿ, ನಟ್ಟನಡುವೆ ಕಡಲೆಬೇಳೆಯಷ್ಟು ಬಿಳುಪು ಉಳಿದಿತ್ತು. ನನ್ನ ಮಾತಿನಿಂದ ಯಾರಿಗೂ ಮನವರಿಕೆಯಾಗದಿದ್ದದ್ದು ಆ ಒಂದು ಹಾಳೆಯಿಂದ ಆಯಿತು. ಮಂಡಳಿ ಶಾಶ್ವತ ಅಂಗವಿಕಲತೆಯೆಂದು ಪ್ರಮಾಣೀಕರಿಸಿತು. ಆ ವೈದ್ಯೆಗೂ ತಂತ್ರಜ್ಞೆಗೂ ನಾನು ಚಿರಋಣಿ.

ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಿದೆವು. ಗ್ರಾಮ ಆಡಳಿತ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಮನೆಗೇ ಬಂದು, ಹೊಸ್ತಿಲು ಎಲ್ಲಿದೆಯೆಂದು ಕಾಲಿನಿಂದ ತಡಕುವ ನನ್ನನ್ನು ನೋಡಿ, ಅನಗತ್ಯವಾದ ಒಂದು ಪ್ರಶ್ನೆಯನ್ನೂ ಕೇಳದೆ ವರದಿ ಬರೆದರು. ಆಧಾರ್‌ನಲ್ಲಿ ಹೆಸರಿನ ಮುಂದಿದ್ದ ಇನಿಷಿಯಲ್ ಪಾಸ್‌ಪುಸ್ತಕದಲ್ಲಿ ಹಿಂದಕ್ಕೆ ಹೋಗಿದ್ದರಿಂದ ಹಣ ಜಮೆಯಾಗುವುದು ತಡವಾಯಿತು. ಬ್ಯಾಂಕಿನ ಸಿಬ್ಬಂದಿಯೊಬ್ಬರು ಊಟದ ವಿರಾಮದಲ್ಲಿ ಅದನ್ನು ಸರಿಪಡಿಸಿ, ಖಾತೆಗೆ ಆಧಾರ್ ಜೋಡಣೆಯನ್ನೂ ಮಾಡಿಕೊಟ್ಟರು.

ಕೃತಜ್ಞತೆಯ ಈ ಬರಹದಲ್ಲಿಯೇ ಒಂದು ಮಾತನ್ನು ಹೇಳುವುದು ತಪ್ಪಾಗಲಾರದು ಎಂದು ಭಾವಿಸುತ್ತೇನೆ. ಮೇಲೆ ಹೇಳಿದ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಪ್ರಕರಣದ ಪ್ರಕಾರ, ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ಇತರರಿಗೆ ಸಿಗುವ ಮೊತ್ತಕ್ಕಿಂತ ವಿಕಲಚೇತನರಿಗೆ ಸಿಗುವ ಮೊತ್ತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು. ಬಡತನ ರೇಖೆಗಿಂತ ಕೆಳಗಿನ, ಶೇ. 80 ಅಥವಾ ಅದಕ್ಕೂ ಮೀರಿದ ವೈಕಲ್ಯವುಳ್ಳವರಿಗೆ 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸುವುದರಿಂದಲೇ ನಮಗೆ ಸಿಗುವ ಮೊತ್ತಕ್ಕೆ ಒಂದು ತೂಕವಿದೆ, ಅದೂ ಒಬ್ಬರ ತಿಂಗಳ ಖರ್ಚಿಗೆ ಸಾಲುವಂಥದ್ದಲ್ಲ. ನನಗೆ ನೆರವಾದವರೆಲ್ಲರೂ ತಮ್ಮ ಕೈಲಾದುದನ್ನು ಮೀರಿ ಮಾಡಿದ್ದಾರೆ. ಮೊತ್ತವನ್ನು ಹೆಚ್ಚಿಸುವುದು ಅವರ ಕೈಯಲ್ಲಿಲ್ಲ, ಅದು ಆಯವ್ಯಯ ಸಿದ್ಧಪಡಿಸುವವರು ಮಾಡಬೇಕಾದ ಕೆಲಸ.

ಮೊದಲ ಕಂತಿನಲ್ಲಿ ಒಂದು ಬಿಳಿ ಕೋಲನ್ನೂ ಪರದೆವಾಚಕದ ಸದ್ದು ಕೇಳಲು ಒಂದು ಇಯರ್‌ಫೋನನ್ನೂ ಕೊಂಡೆ, ಉಳಿದದ್ದನ್ನು ಅಮ್ಮನ ಕೈಗಿತ್ತೆ. ಕೆಲಸ ಹುಡುಕುವುದನ್ನು ನಿಲ್ಲಿಸಿಲ್ಲ. ನಮ್ಮ ಸುತ್ತಮುತ್ತಲಿನಲ್ಲಿ ಯಾರಿಗಾದರೂ ಸಂಜೆಯ ನಂತರ ದಾರಿ ಕಾಣದೆ, ಪಕ್ಕದಲ್ಲಿರುವುದಕ್ಕೆ ಪದೇ ಪದೇ ಎಡವುತ್ತ, ಆದರೆ ಅಕ್ಷರ ಮಾತ್ರ ಓದಲು ಸಾಧ್ಯವಾಗುತ್ತಿದ್ದರೆ, ದಯವಿಟ್ಟು ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿಕೊಂಡು ಅದರ ಅಚ್ಚಾದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಕ್ಷರಗಳ ಪಟ್ಟಿಯನ್ನು ಮಾತ್ರ ಓದಿಸಿ ಕಳುಹಿಸಿದರೆ ಮತ್ತೆ ಕೇಳಿ. ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅರ್ಜಿ ತುಂಬುವಾಗ ಜೊತೆಗೆ ಕೂರಲು ನಾನೂ ಬರುತ್ತೇನೆ.