ವ್ಯಾಸರು ಬೈಯಲಿಲ್ಲ

ಆನೆಗೊಂದಿ

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ಅಪ್ಪ ಹೋಗಿ ವರ್ಷ ತುಂಬುತ್ತಾ ಬಂತು, ಅಳು ನಿಂತಿಲ್ಲ, ಮಂದಿ "ಹುಟ್ಟಿದವರು ಸಾಯಲೇಬೇಕು, ಗೀತೆ ಓದು" ಅನ್ನುತ್ತಾರೆ, ಓದಿದರೆ ಸಿಟ್ಟು ಬರುತ್ತದೆ ಅಂತ ಬರೆದಿದ್ದೀಯ. ಬರಲಿ ಬಿಡು. ಎರಡನೇ ಅಧ್ಯಾಯದ ಆ ಮಾತು ಸುಳ್ಳಲ್ಲ. ಆದರೆ ಕೃಷ್ಣ ಅದನ್ನು ಹೇಳಿದ್ದು ಯಾವಾಗ? ಯುದ್ಧ ಇನ್ನೂ ಶುರುವಾಗಿರಲಿಲ್ಲ. ಎದ್ದು ಬಿಲ್ಲು ಹಿಡಿಯಬೇಕಾದವನಿಗೆ ಹೇಳಿದ್ದು ಅದು. ಕಳೆದುಕೊಂಡು ಕೂತವರಿಗೆ ಮಹಾಭಾರತದಲ್ಲೇ ಬೇರೆ ಕಥೆ ಇದೆ.

ನಮ್ಮ ಕಡೆ ಅದು ಜಾಸ್ತಿ ಮಂದಿಗೆ ಗೊತ್ತಿಲ್ಲ. ನಾವು ಓದಿಸಿ ಕೇಳುವುದು ಗದುಗಿನ ಭಾರತ. ಕುಮಾರವ್ಯಾಸ 10 ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. (ಉಳಿದದ್ದನ್ನು ಬರೆದವನು ತಿಮ್ಮಣ್ಣ ಕವಿ, ಹೊಳೆಯಾಚೆ ಕೃಷ್ಣದೇವರಾಯ ಆಳುತ್ತಿದ್ದ ಕಾಲದಲ್ಲಿ. ಪಾಪ, ಅವನನ್ನು ಓದುವವರು ಕಡಿಮೆ.) ನಾನು ಹೇಳುವುದು ಗದಾಪರ್ವ ಆದ ಮೇಲೆ ಬರುವ ಆಶ್ರಮವಾಸಿಕ ಪರ್ವದ ಕಥೆ.

ಧೃತರಾಷ್ಟ್ರ, ಗಾಂಧಾರಿ, ಕುಂತಿ ಕಾಡಿನಲ್ಲಿದ್ದಾರೆ. ವ್ಯಾಸರು ಬರುತ್ತಾರೆ. ಗಾಂಧಾರಿ ಕೈಮುಗಿದು, ಮಕ್ಕಳು ಯುದ್ಧದಲ್ಲಿ ಸತ್ತು 16 ವರ್ಷ ಆಯಿತು, ಅವರ ಚಿಂತೆಯಲ್ಲಿ ನನ್ನ ಗಂಡನಿಗೆ ನೆಮ್ಮದಿಯೇ ಇಲ್ಲ ಅನ್ನುತ್ತಾಳೆ. ಇಷ್ಟು ವರ್ಷ ಆದರೂ ಅಳುತ್ತೀರಾ ಅಂತ ವ್ಯಾಸರು ಬೈಯಲಿಲ್ಲ. ಎಲ್ಲರನ್ನೂ ಗಂಗೆಯ ದಂಡೆಗೆ ಕರೆದುಕೊಂಡು ಹೋದರು. ಕತ್ತಲಾದ ಮೇಲೆ ನೀರಿಗಿಳಿದು ಸತ್ತವರನ್ನು ಕರೆದರು. ಭೀಷ್ಮ, ಕರ್ಣ, ಅಭಿಮನ್ಯು, ದುರ್ಯೋಧನ ಎಲ್ಲರೂ ಎದ್ದು ಬಂದರು. ಯಾರಿಗೂ ಯಾರ ಮೇಲೂ ಹಗೆ ಇಲ್ಲ. ಹುಟ್ಟುಗುರುಡ ಧೃತರಾಷ್ಟ್ರ ಮಕ್ಕಳ ಮುಖವನ್ನು ಮೊದಲ ಸಲ ನೋಡಿದ. ರಾತ್ರಿ ಕಳೆಯಿತು, ಬಂದವರು ನೀರಿಗೆ ಮರಳಿದರು.

ಇದು ನಡೆದದ್ದೋ ಇಲ್ಲವೋ ಅಂತ ನನ್ನನ್ನು ಕೇಳಬೇಡ. ನಿನ್ನ ಅಪ್ಪ ನನಗೆ ತಮ್ಮ ಅಲ್ವಾ, ನನಗೂ ನಿದ್ದೆ ಬಾರದ ರಾತ್ರಿಗಳಿವೆ. ಆಗ ಆ ಭಾಗ ಓದಿ ಕಣ್ಣು ಮುಚ್ಚುತ್ತೇನೆ. ಗಂಗೆಯನ್ನು ನಾನು ನೋಡಿಲ್ಲ. ಕಾಣುವುದು ನಮ್ಮ ತುಂಗಭದ್ರೆ, ಈ ಬಂಡೆಗಳು, ಹರಿಗೋಲು. ಅವನು ಬರುತ್ತಾನೆ. ಗದ್ದೆಗೆ ಕಾಲುವೆ ನೀರು ಬಿಟ್ಟರಾ ಅಂತ ಕೇಳುತ್ತಾನೆ. ಮಿರ್ಚಿ ಮಂಡಕ್ಕಿ ಎಲ್ಲಿ ಅನ್ನುತ್ತಾನೆ. ಹೇಳದೆ ಉಳಿದದ್ದನ್ನು ಹೇಳುತ್ತೇನೆ. ಜಗಳವನ್ನೂ ಆಡಿದ್ದೇನೆ.

ನೀನೂ ಕರೆದು ನೋಡು. ಅವನನ್ನು ದೇವರು ಮಾಡಿ ಕೂರಿಸಬೇಡ. ಆ ಸಿಡುಕು, ಬೀಡಿ ವಾಸನೆ ಸಮೇತ ಬರಲಿ. ಆದರೆ ಕಥೆಯಲ್ಲಿ ಬಂದವರನ್ನು ಯಾರೂ ತಡೆದು ನಿಲ್ಲಿಸಲಿಲ್ಲ, ಅದನ್ನು ಮರೆಯಬೇಡ. ನೀನೂ ಕಳಿಸಿಕೊಡು. ಎದ್ದು ಮುಖ ತೊಳೆದು ಚಹಾ ಕುಡಿದು ಕೆಲಸಕ್ಕೆ ಹೋಗು. ಹಗಲೂ ಅದೇ ಗುಂಗು, ಊಟ ನಿದ್ದೆ ಎರಡೂ ಇಲ್ಲ ಅನ್ನುವ ಹಾಗಾದರೆ ಪುರಾಣ ಸಾಲದು. ಡಾಕ್ಟರ ಹತ್ತಿರ ಹೋಗು, ಅದರಲ್ಲಿ ನಾಚಿಕೆ ಏನೂ ಇಲ್ಲ.

ವರ್ಷದ ತಿಥಿಗೆ ಬರುತ್ತೀಯಲ್ಲ, ಪುಸ್ತಕ ತೆಗೆದಿಟ್ಟಿರುತ್ತೇನೆ. ನಿಮ್ಮವ್ವನಿಗೂ ಓದಿ ಹೇಳು. ಅವಳು ನಿನ್ನೆದುರು ಅಳುತ್ತಿಲ್ಲ ಅಷ್ಟೇ. ಗಂಗಾವತಿಗೆ ಯಾವ ಬಸ್ಸಿಗೆ ಬರುತ್ತೀ ಅಂತ ಮೊದಲೇ ತಿಳಿಸು, ಕರೆದುಕೊಂಡು ಬರಲು ಯಾರನ್ನಾದರೂ ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ