ಕರಾವಳಿಯಲ್ಲಿ ತಗಡು ಬಗ್ಗಿಸುವ ಕ್ರಮ ಬದಲಾಗಲಿ

ಮಾನ್ಯ ಸಂಪಾದಕರೇ,

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಜಿಐ ಶೀಟಿನಿಂದ (ಸತು ಲೇಪಿತ ಉಕ್ಕಿನ ತಗಡಿನಿಂದ) ಮಾಡಿಸಿದ ಮಳೆನೀರಿನ ದೋಣಿ, ಕಿಟಕಿಯ ಮೇಲಿನ ಮರೆ, ಮೀಟರ್ ಪೆಟ್ಟಿಗೆ ಮುಂತಾದವುಗಳಲ್ಲಿ ತುಕ್ಕು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಬಗ್ಗಿಸಿದ ಗೆರೆಯ ಉದ್ದಕ್ಕೆ. ಗ್ರಾಹಕರು ಶೀಟೇ ಕಳಪೆ ಎನ್ನುತ್ತಾರೆ, ವರ್ಕ್‌ಶಾಪಿನವರು ಉಪ್ಪುಗಾಳಿಯನ್ನು ದೂರುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಶೀಟನ್ನು ಬಗ್ಗಿಸಿದ ರೀತಿಯ ಬಗ್ಗೆ ಯಾರೂ ಕೇಳುವುದಿಲ್ಲ ಎಂಬುದು ಫ್ಯಾಬ್ರಿಕೇಶನ್ ಕೆಲಸದಲ್ಲಿರುವ ನನಗೆ ಬೇಸರದ ಸಂಗತಿ.

ಶೀಟು ಬಾಗುವಾಗ ಒಳಮೈ ಒತ್ತಿಕೊಂಡು ಹೊರಮೈ ಹಿಗ್ಗುತ್ತದೆ. ತಿರುವಿನ ಒಳ ತ್ರಿಜ್ಯವು ಶೀಟಿನ ದಪ್ಪದಷ್ಟೇ ಇದ್ದರೆ ಹೊರಮೈ ಸುಮಾರು ಶೇ 33ರಷ್ಟು ಹಿಗ್ಗಬೇಕು. ದಪ್ಪದ ಎರಡರಷ್ಟಿದ್ದರೆ ಶೇ 20 ಸಾಕು. ಕತ್ತಿಯ ಅಲಗಿನಂಥ ಮೂಲೆ ಬೇಕೆಂದು ಹಟ ಹಿಡಿದರೆ ಉಕ್ಕು ತಾಳಿಕೊಂಡರೂ ಅದರ ಮೇಲಿನ ಸತುವಿನ ಲೇಪ ಸೂಕ್ಷ್ಮವಾಗಿ ಬಿರಿಯುತ್ತದೆ. ಚದರ ಮೀಟರಿಗೆ ಎರಡೂ ಬದಿ ಸೇರಿ 275 ಗ್ರಾಂ ಸತುವಿರುವ ಉತ್ತಮ ಶೀಟಿನಲ್ಲಿಯೂ ಒಂದು ಬದಿಯ ಲೇಪ ಸುಮಾರು 20 ಮೈಕ್ರಾನ್ ಮಾತ್ರ. 120 ಗ್ರಾಂನ ಶೀಟಿನಲ್ಲಿ ಅದರ ಅರ್ಧವೂ ಇಲ್ಲ. ಅಷ್ಟು ತೆಳುವಾದ ಪದರದ ಬಿರುಕಿನೊಳಗೆ ಉಪ್ಪಿನ ತೇವ ಇಳಿದು ನಿಂತರೆ ಮುಂದಿನದನ್ನು ವಿವರಿಸಬೇಕಾಗಿಲ್ಲ.

ಶೀಟನ್ನು ಒತ್ತಿ ಬಗ್ಗಿಸುವ ಪ್ರೆಸ್ ಬ್ರೇಕ್ ಯಂತ್ರದಲ್ಲಿ ಸಾಮಾನ್ಯವಾಗಿ ಶೀಟಿನ ದಪ್ಪದ ಎಂಟು ಪಟ್ಟು ಅಗಲದ ವಿ ಡೈ (ಶೀಟಿನ ಕೆಳಗಿಡುವ ವಿ ಆಕಾರದ ಅಚ್ಚು) ಬಳಸುತ್ತಾರೆ. ಮೃದು ಉಕ್ಕಿನಲ್ಲಿ ಒಳ ತ್ರಿಜ್ಯವು ಆ ಅಗಲದ ಆರನೇ ಒಂದು ಭಾಗದಷ್ಟು ಬರುವುದರಿಂದ, 1.6 ಮಿ.ಮೀ. ಶೀಟಿಗೆ 12 ಮಿ.ಮೀ. ಡೈ ಹಾಕಿದರೆ 2 ಮಿ.ಮೀ., 16 ಮಿ.ಮೀ. ಡೈ ಹಾಕಿದರೆ ಎರಡೂವರೆ ಮಿ.ಮೀ.ಗೂ ಹೆಚ್ಚು ತ್ರಿಜ್ಯ ಸಿಗುತ್ತದೆ. ಕರಾವಳಿಯ ಕೆಲಸಕ್ಕೆ ಎರಡನೆಯದನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಬಗ್ಗಿಸುವ ಗೆರೆಯು ಶೀಟಿನ ರೋಲಿಂಗ್ ದಿಕ್ಕಿಗೆ, ಅಂದರೆ ಕಾರ್ಖಾನೆಯಲ್ಲಿ ಅದನ್ನು ರೋಲರ್‌ಗಳ ನಡುವೆ ಹಾಯಿಸಿದ ದಿಕ್ಕಿಗೆ, ಅಡ್ಡವಾಗಿರಬೇಕು. ಶೀಟು ಉಳಿಸುವ ಆಸೆಯಲ್ಲಿ ಇದನ್ನು ಮರೆಯುವುದು ಸಾಮಾನ್ಯವಾಗಿದೆ. ಗೆರೆಯನ್ನು ಮೊಳೆಯಿಂದ ಗೀಚದೆ ಮಾರ್ಕರ್ ಪೆನ್ನಿನಿಂದ ಎಳೆಯಬೇಕು. ಬಗ್ಗಿಸಿದ ನಂತರ ಶೀಟು ತುಸು ಹಿಂದಕ್ಕೆ ಬಿಚ್ಚಿಕೊಳ್ಳುವುದು ಲೋಹದ ಸ್ವಭಾವ. ಅದಕ್ಕೆ ಒಂದೆರಡು ಡಿಗ್ರಿ ಹೆಚ್ಚು ಬಗ್ಗಿಸುವುದು ಪರಿಹಾರವೇ ಹೊರತು, ಮೂಲೆಯ ಮೇಲೆ ಸುತ್ತಿಗೆಯಿಂದ ಬಡಿದು ಸರಿಪಡಿಸುವುದಲ್ಲ. ಆ ಪೆಟ್ಟುಗಳೇ ಉಳಿದ ಲೇಪವನ್ನೂ ಕಿತ್ತುಹಾಕುತ್ತವೆ.

ಗ್ರಿಲ್ ಮತ್ತು ವೆಲ್ಡಿಂಗ್ ಕೆಲಸದ ಸಣ್ಣ ಅಂಗಡಿಗಳು ಪ್ರೆಸ್ ಬ್ರೇಕ್ ಕೊಳ್ಳುವುದು ಕಷ್ಟ. ಆ್ಯಂಗಲ್‌ಗಳ ನಡುವೆ ಶೀಟನ್ನು ಬಿಗಿದು ಬಡಿಯುವ ಹುಡುಗರನ್ನು ದೂಷಿಸುವುದು ನ್ಯಾಯವಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರವು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಯೋಜನೆಯಡಿ ಶಿರವಾಡ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ತೆತ್ತು ಎಲ್ಲರೂ ಬಳಸಬಹುದಾದ ಒಂದು ಬೆಂಡಿಂಗ್ ಯಂತ್ರವನ್ನು ಒದಗಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಜಿಲ್ಲೆಯ ಸರ್ಕಾರಿ ಐಟಿಐಗಳು ಈಗಾಗಲೇ ದುಡಿಯುತ್ತಿರುವವರಿಗಾಗಿ ಸಂಜೆಯ ಅಲ್ಪಾವಧಿ ತರಬೇತಿ ನಡೆಸಬೇಕು. ಶಾಲೆ, ಬಸ್ ತಂಗುದಾಣಗಳ ಕಾಮಗಾರಿಗೆ ಟೆಂಡರ್ ಕರೆಯುವವರು ಶೀಟಿನ ಗೇಜ್ (ದಪ್ಪದ ಅಳತೆ) ಜೊತೆಗೆ ಸತುವಿನ ಪ್ರಮಾಣವನ್ನೂ ತಿರುವಿನ ಕನಿಷ್ಠ ತ್ರಿಜ್ಯವನ್ನೂ ನಮೂದಿಸಿ, ಬಿಲ್ ಪಾವತಿಗೆ ಮುನ್ನ ಅವನ್ನು ಪರೀಕ್ಷಿಸಬೇಕೆಂದು ವಿನಂತಿಸುತ್ತೇನೆ.

— ಫ್ಯಾಬ್ರಿಕೇಶನ್ ಕೆಲಸಗಾರ, ಕಾರವಾರ